‘ಕೋಲಾರ’ಕ್ಕೆ ಎಷ್ಟು ಬೈಟ್?

2019ರ ನವೆಂಬರ್, ಸಿಂಗಾಪುರ. ಒಂದು ದೊಡ್ಡ ಹಾಲಿನಲ್ಲಿ ಶನಿವಾರ ಬೆಳಗ್ಗೆ ಹ್ಯಾಕಥಾನ್‌ಗೆ, ಅಂದರೆ ಹಲವರು ಸೇರಿ ಕೋಡ್ ಬರೆದು ಪರೀಕ್ಷಿಸುವ ಕೂಟಕ್ಕೆ, ಬಂದು ಕೂತಿದ್ದೆ. ಮೇಜಿನ ಈ ಕಡೆ ನಾನು, ಆ ಕಡೆ ಬೇರೊಂದು ಕಂಪನಿಯ ಎಂಜಿನಿಯರ್. ಇಬ್ಬರ ಲ್ಯಾಪ್‌ಟಾಪ್ ನಡುವೆ ಒಂದು ಕೇಬಲ್. ಇಂಟರ್ನೆಟ್ಟಿನ ಒಂದು ಹೊಸ ನಿಯಮಕ್ಕಾಗಿ ನಾನು ಬರೆದಿದ್ದ ಎಂಟು ಪುಟದ ಡ್ರಾಫ್ಟ್ (ಕರಡು) ಓದಿಕೊಂಡು ಇಬ್ಬರೂ ಬೇರೆ ಬೇರೆಯಾಗಿ ಕೋಡ್ ಬರೆದಿದ್ದೆವು. ಅವರ ಕೋಡನ್ನು ನಾನು ನೋಡಿರಲಿಲ್ಲ, ನನ್ನದನ್ನು ಅವರು ನೋಡಿರಲಿಲ್ಲ. ಪರೀಕ್ಷೆ ಅಂದರೆ ಅದೇ ತಾನೆ.

ಮೊದಲ ಸಂದೇಶ ಕಳಿಸಿದೆ. ಅದರೊಳಗೆ ಒಂದು ಹೆಸರು ಇರಬೇಕಿತ್ತು. ನಮ್ಮೂರಿನ ಹೆಸರೇ ಹಾಕಿದ್ದೆ: ಇಂಗ್ಲಿಷ್ ಅಕ್ಷರದಲ್ಲಿ ಕೋಲಾರ್, ಒಟ್ಟು ಐದು ಅಕ್ಷರ, ಅಂದರೆ ಐದು ಬೈಟ್. ಆ ಕಡೆಯಿಂದ ಎರರ್ ಬಂತು, ಕನೆಕ್ಷನ್ ಬಿದ್ದುಹೋಯಿತು. ಅವರು ಕಳಿಸಿದ್ದನ್ನು ನಾನು ತೆಗೆದುಕೊಂಡರೆ ಹೆಸರಿನ ಕೊನೆಗೆ ಮೂರು ಸೊನ್ನೆ ಅಂಟಿಕೊಂಡು ಬರುತ್ತಿತ್ತು. ಇಬ್ಬರೂ ಕೇಬಲ್ಲಿನಲ್ಲಿ ಹೋಗುವುದನ್ನು ತೋರಿಸುವ ವೈರ್‌ಶಾರ್ಕ್ ಅನ್ನುವ ತಂತ್ರಾಂಶ ತೆರೆದು ಬೈಟ್ ಬೈಟ್ ಎಣಿಸಿದೆವು. ಉದ್ದ ಬರೆಯುವ ಜಾಗದಲ್ಲಿ ನಾನು 5 ಅಂತ ಬರೆದಿದ್ದೆ. ಅವರು 8 ಅಂತ ಬರೆದಿದ್ದರು.

ಅವರು ಡ್ರಾಫ್ಟಿನ ಆ ಸಾಲನ್ನು ತೆಗೆದು ನನ್ನ ಕಡೆ ತಿರುಗಿಸಿದರು. ‘ಹೆಸರಿನ ಉದ್ದ ಬೈಟ್‌ಗಳಲ್ಲಿ, 4ರ ಗುಣಕವಾಗುವಂತೆ ಸೊನ್ನೆ ತುಂಬಬೇಕು’ ಎಂಬ ಅರ್ಥದ ಸಾಲು. ಯಾವುದು 4ರ ಗುಣಕ ಆಗಬೇಕು? ಹೆಸರು ತುಂಬಿದ ಜಾಗವಾ, ಉದ್ದ ಅಂತ ಬರೆದ ಅಂಕಿಯಾ? ನಾನು ಒಂದು ಅರ್ಥ ಇಟ್ಟುಕೊಂಡು ಬರೆದಿದ್ದೆ, ಅವರು ಇನ್ನೊಂದು ಓದಿದ್ದರು. ಅವರ ಓದಿನಲ್ಲಿ ತಪ್ಪು ಇರಲಿಲ್ಲ. ತಪ್ಪು ಸಾಲಿನಲ್ಲಿತ್ತು.

ಆ ಒಂದು ಸಾಲಿನ ಹಿಂದೆ ಮುಂದೆ ಐದು ವರ್ಷ ನಡೆದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಇಂಟರ್ನೆಟ್ಟಿನ ನಿಯಮಗಳನ್ನು ಯಾರು ಮಾಡುತ್ತಾರೆ ಅಂತ ನನ್ನನ್ನು ಜನ ಕೇಳುತ್ತಿರುತ್ತಾರೆ. ಅಮೆರಿಕದ ಸರ್ಕಾರ ಅಂತ ಕೆಲವರು ತಿಳಿದಿದ್ದಾರೆ, ನಾಲ್ಕು ದೊಡ್ಡ ಕಂಪನಿಗಳು ಅಂತ ಕೆಲವರು. ಬೆಂಗಳೂರಿನಲ್ಲಿ ಕೂತ ಒಬ್ಬ ಸಾಮಾನ್ಯ ಎಂಜಿನಿಯರ್ ಕೂಡ ಅದಕ್ಕೆ ಒಂದು ಹಾಳೆ ಸೇರಿಸಬಹುದು ಅಂತ ನಮ್ಮ ಹುಡುಗರಿಗೆ ಗೊತ್ತಾಗಬೇಕು ಅಂತ ನನಗೆ ತುಂಬಾ ಆಸೆ.

ಶುರುವಾದದ್ದು 2018ರಲ್ಲಿ. ದೊಡ್ಡ ನೆಟ್‌ವರ್ಕ್‌ಗಳಲ್ಲಿ ಪ್ರತಿ ರೌಟರೂ ತಾನೇ ದಾರಿ ಲೆಕ್ಕ ಹಾಕುವ ಬದಲು, ಇಡೀ ನಕ್ಷೆ ಗೊತ್ತಿರುವ ಒಂದು ಕಂಪ್ಯೂಟರನ್ನು ‘ಇಲ್ಲಿಂದ ಅಲ್ಲಿಗೆ ಯಾವ ದಾರಿ?’ ಅಂತ ಕೇಳುವ ಪದ್ಧತಿ ಇದೆ. ಆ ಮಾತುಕತೆಯ ಭಾಷೆಗೆ, ಅಂದರೆ ಪ್ರೋಟೋಕಾಲ್‌ಗೆ, ಪಿಸಿಇಪಿ ಅಂತ ಹೆಸರು, 2009ರ ಆರ್‌ಎಫ್‌ಸಿ 5440 ಅದರ ಮೂಲ. ಇಂಟರ್ನೆಟ್ಟಿನ ನಿಯಮಗಳನ್ನು ಬರೆದಿಡುವ, ನಂಬರ್ ಹಾಕಿದ ದಾಖಲೆಗಳಿಗೆ ಆರ್‌ಎಫ್‌ಸಿ ಅನ್ನುತ್ತಾರೆ. ನಮ್ಮ ಗ್ರಾಹಕರೊಬ್ಬರಿಗೆ ದಾರಿಗಳ ಮೇಲೆ ಒಂದೊಂದು ಹೆಸರಿನ ಚೀಟಿ ಅಂಟಿಸಬೇಕಿತ್ತು, ಇದು ಯಾವ ಸೇವೆಗೆ ಅಂತ ಎರಡೂ ತುದಿಗೆ ಗೊತ್ತಾಗಲಿ ಎಂದು. ನಮ್ಮ ಕಂಪನಿ ಅವಸರದಲ್ಲಿ ತನ್ನದೇ ದಾರಿ ಮಾಡಿಕೊಂಡಿತ್ತು. ಸಂದೇಶದ ತುಂಡುಗಳಿಗೆ ನಂಬರ್ ಕೊಡುವ ಅಧಿಕೃತ ಪಟ್ಟಿಯಲ್ಲಿ ಖಾಲಿ ಇದ್ದ ಒಂದು ಗುರುತಿನ ಸಂಖ್ಯೆ ಹಿಡಿದು, ಅದರಲ್ಲಿ ಹೆಸರು ತುಂಬಿ ಕಳಿಸುತ್ತಿತ್ತು. ನಮ್ಮ ಕಂಪನಿಯ ರೌಟರ್ ಡಬ್ಬಿಗಳು ಮಾತ್ರ ಇರುವ ತನಕ ಎಲ್ಲಾ ಚೆನ್ನಾಗಿತ್ತು. ಆಮೇಲೆ ಆ ಸಂಖ್ಯೆ ಅಧಿಕೃತವಾಗಿ ಬೇರೊಂದು ಕೆಲಸಕ್ಕೆ ಹೋಯಿತು. ಗ್ರಾಹಕರು ಇನ್ನೊಂದು ಕಂಪನಿಯ ರೌಟರ್ ತಂದು ಸೇರಿಸಿದ ದಿನ, ಅದು ನಮ್ಮ ಹೆಸರನ್ನು ಬೇರೇನೋ ಅಂತ ಓದಿ ಸಂಪರ್ಕವನ್ನೇ ಕಡಿದು ಹಾಕಿತು. ರಾತ್ರಿ ಎರಡು ಗಂಟೆಗೆ ನನಗೆ ಫೋನ್ ಬಂತು.

ನಮ್ಮ ಟೀಮಿನಲ್ಲಿ ಒಬ್ಬರು ಹಿರಿಯರಿದ್ದರು. ಮಾರನೇ ದಿನ ಅವರ ಹತ್ತಿರ ಹೋಗಿ, ‘ಸರ್, ಇನ್ನೊಂದು ಖಾಲಿ ನಂಬರ್ ಹಾಕಲಾ?’ ಅಂದೆ. ಅವರು, ‘ನೋಡಪ್ಪಾ, ಬೇರೆಯವರ ಸೈಟಿಗೆ ಬೇಲಿ ಹಾಕಿ ಮನೆ ಕಟ್ಟಿದ್ದು ಸಾಕು. ಡ್ರಾಫ್ಟ್ ಬರಿ’ ಅಂದರು.

ಡ್ರಾಫ್ಟ್ ಅಂದರೆ ಇಂಟರ್ನೆಟ್-ಡ್ರಾಫ್ಟ್, ಒಪ್ಪಿಗೆ ಸಿಕ್ಕರೆ ಮುಂದೆ ಆರ್‌ಎಫ್‌ಸಿ ಆಗುವ ಕರಡು. ಇಂಟರ್ನೆಟ್ ಎಂಜಿನಿಯರಿಂಗ್ ಟಾಸ್ಕ್ ಫೋರ್ಸ್, ಅಂದರೆ ಐಇಟಿಎಫ್, 1986ರಲ್ಲಿ 21 ಜನರಿಂದ ಶುರುವಾದ ಕೂಟ. ಅದಕ್ಕೆ ಸದಸ್ಯತ್ವವೇ ಇಲ್ಲ. ಯಾರು ಬೇಕಾದರೂ ಡ್ರಾಫ್ಟ್ ಹಾಕಬಹುದು, ಒಂದು ರೂಪಾಯಿ ಕೊಡಬೇಕಾಗಿಲ್ಲ. ಅಲ್ಲಿ ಮಾತಾಡುವವರು ಕಂಪನಿಯ ಪರವಾಗಿ ಅಲ್ಲ, ತಮ್ಮ ಪರವಾಗಿ ಮಾತಾಡಬೇಕು ಅನ್ನೋದು ನಿಯಮ. ಆದರೆ ಡ್ರಾಫ್ಟಿನ ಆಯಸ್ಸು ಆರೇ ತಿಂಗಳು. ಅಷ್ಟರಲ್ಲಿ ಹೊಸ ಆವೃತ್ತಿ ಹಾಕದಿದ್ದರೆ ಅವಧಿ ಮುಗಿದದ್ದು ಅಂತ ಮುದ್ರೆ ಬೀಳುತ್ತದೆ.

ನನ್ನ ಮೊದಲ ಡ್ರಾಫ್ಟ್ ಹಾಗೇ ಮುಗಿಯಿತು. ಅಕ್ಟೋಬರಿನಲ್ಲಿ ಹಾಕಿದೆ, ಏಪ್ರಿಲ್ ತನಕ ಒಬ್ಬರೂ ಒಂದು ಸಾಲು ಬರೆಯಲಿಲ್ಲ. ಬೇಜಾರಾಯಿತು. ಆಗ ಅದೇ ಹಿರಿಯರು, ‘ಕಳಿಸಿ ಸುಮ್ನೆ ಕೂತ್ರೆ ಯಾರು ಓದ್ತಾರೆ? ಮೊದಲು ನೀನು ಬೇರೆಯವರದ್ದು ಓದು’ ಅಂದರು. ಆ ಬೇಸಿಗೆ ನಾಲ್ಕು ಡ್ರಾಫ್ಟ್ ಕೂತು ಓದಿದೆ. ಅರ್ಥ ಆಗದ ಜಾಗ ಗುರುತಿಸಿ, ಐಇಟಿಎಫ್‌ನಲ್ಲಿ ಪಿಸಿಇಪಿ ನೋಡಿಕೊಳ್ಳುವ ಗುಂಪಿನ ಇಮೇಲ್ ಪಟ್ಟಿಗೆ ಪ್ರಶ್ನೆ ಬರೆದೆ. ಎರಡು ವಾರದೊಳಗೆ ಆ ಡ್ರಾಫ್ಟ್‌ಗಳನ್ನು ಬರೆದವರಲ್ಲಿ ಇಬ್ಬರು ನನ್ನದನ್ನು ಓದಿದ್ದರು. ಅವರಲ್ಲೊಬ್ಬರೇ ಸಿಂಗಾಪುರದಲ್ಲಿ ನನ್ನ ಎದುರು ಕೂತಿದ್ದವರು. ನಮ್ಮ ಕಡೆ ಮುಯ್ಯಾಳು ಅಂತಾರಲ್ಲ, ನಿಮ್ಮ ಹೊಲಕ್ಕೆ ನಾವು, ನಮ್ಮ ಹೊಲಕ್ಕೆ ನೀವು, ಹಾಗೆ ನಡೆಯುವ ಕೆಲಸ ಇದು.

ಸಿಂಗಾಪುರದ ಆ ಮೇಜಿಗೆ ಮತ್ತೆ ಬರುತ್ತೇನೆ.

5 ಮತ್ತು 8ರ ಗೊಂದಲ ಎಲ್ಲಿಂದ ಬಂತು ಅಂತ ಹುಡುಕಿದರೆ ಕಾರಣ ಹಳೆಯದು. ಪಿಸಿಇಪಿ ಸಂದೇಶದೊಳಗೆ ಉದ್ದ ಬರೆಯುವ ಜಾಗ ಬೇರೆ ಬೇರೆ ಮಟ್ಟದಲ್ಲಿದೆ. ಆಬ್ಜೆಕ್ಟ್ ಅನ್ನುವ ದೊಡ್ಡ ಪೊಟ್ಟಣದಲ್ಲಿ, ಉದ್ದ ಅಂದರೆ ಮೊದಲಿಗೆ ಬರುವ ತಲೆಭಾಗವೂ (ಹೆಡರ್) ಸೇರಿ, ಯಾವಾಗಲೂ 4ರ ಗುಣಕ. ಅದರೊಳಗಿನ ಟಿಎಲ್‌ವಿ ಅನ್ನುವ ಸಣ್ಣ ಪೊಟ್ಟಣದಲ್ಲಿ, ಉದ್ದ ಅಂದರೆ ಒಳಗಿನ ಸರಕು ಮಾತ್ರ. ತಲೆಭಾಗವೂ ಇಲ್ಲ, ತುಂಬಿದ ಸೊನ್ನೆಯೂ ಇಲ್ಲ. ಆರ್‌ಎಸ್‌ವಿಪಿ ಅನ್ನುವ ಇನ್ನೊಂದು ಪ್ರೋಟೋಕಾಲ್‌ನಿಂದ ಎರವಲು ಬಂದ ತುಂಡುಗಳಲ್ಲಿ ಮತ್ತೆ ತಲೆಭಾಗ ಸೇರುತ್ತದೆ. ಒಂದೇ ಸಂದೇಶ, ಬೇರೆ ಬೇರೆ ಲೆಕ್ಕ. ನಾನು ಸೇರಿಸಿದ್ದು ಟಿಎಲ್‌ವಿ. ಹಾಗಾಗಿ 5440ರ ಪ್ರಕಾರ 5 ಸರಿ. ಆದರೆ ನನ್ನ ಸಾಲು 5440ರ ಮಾತನ್ನು ಅರ್ಧ ಹೇಳಿ ಅರ್ಧ ಬಿಟ್ಟು, ಅದನ್ನು ಮಸುಕು ಮಾಡಿತ್ತು.

ನನಗೆ ಹೊಳೆದ ಪರಿಹಾರ ಸುಲಭದ್ದು. ‘ಎರಡನ್ನೂ ಒಪ್ಪಿಕೊಳ್ಳೋಣ. 5 ಬಂದರೂ ಸರಿ, 8 ಬಂದರೂ ಸರಿ’ ಅಂದೆ. ಕಳಿಸುವಾಗ ಕಟ್ಟುನಿಟ್ಟು, ತೆಗೆದುಕೊಳ್ಳುವಾಗ ಉದಾರ ಅನ್ನುವ, ಇಂಟರ್ನೆಟ್ ಕಟ್ಟಿದ ಹಿರಿಯರಲ್ಲೊಬ್ಬರಾದ ಜಾನ್ ಪೋಸ್ಟೆಲ್ ಅವರ ಮಾತು, ಇಂಟರ್ನೆಟ್ಟಿನ ಮೂಲ ಪ್ರೋಟೋಕಾಲ್‌ಗಳಲ್ಲೊಂದಾದ ಟಿಸಿಪಿಯ 1980ರ ದಾಖಲೆಯಲ್ಲೇ ಇದೆ. ಅದನ್ನು ಓದಿಯೇ ನಾವೆಲ್ಲಾ ಈ ಕೆಲಸ ಕಲಿತವರು. ಎದುರಿಗಿದ್ದವರು ಒಪ್ಪಲಿಲ್ಲ. ‘ಇವತ್ತು ನಾವಿಬ್ಬರೂ ತಪ್ಪನ್ನು ಸಹಿಸಿಕೊಂಡರೆ, ಮೂರನೆಯವರು 8ನ್ನೇ ಸರಿ ಅಂದುಕೊಂಡು ಬರೆಯುತ್ತಾರೆ. ಆಮೇಲೆ ಅದನ್ನು ಎಂದಿಗೂ ತೆಗೆಯೋಕೆ ಆಗಲ್ಲ’ ಅಂದರು. ಆವತ್ತು ನನಗೆ ಅದು ಜಾಸ್ತಿ ಹಟ ಅನ್ನಿಸಿತು. ಈಗ ಅವರ ಮಾತೇ ಸರಿ ಅಂತ ನನ್ನ ನಂಬಿಕೆ. 2023ರಲ್ಲಿ ಬಂದ ಆರ್‌ಎಫ್‌ಸಿ 9413 ಹೆಚ್ಚುಕಡಿಮೆ ಇದೇ ವಾದ ಮಾಡುತ್ತದೆ: ತಪ್ಪನ್ನು ಸುಮ್ಮನೆ ನುಂಗಿಕೊಂಡು ಹೋದರೆ ಪ್ರೋಟೋಕಾಲ್ ಒಳಗಿಂದಲೇ ಹಾಳಾಗುತ್ತದೆ ಅಂತ.

ಭಾನುವಾರ ಸಂಜೆ ಆ ಜಾಗಕ್ಕೆ ಮೂರು ಸಾಲು ಬರೆದೆವು. ಉದ್ದದಲ್ಲಿ ತಲೆಭಾಗ ಸೇರಿಲ್ಲ, ಸೊನ್ನೆ ಸೇರಿಲ್ಲ, ಸೊನ್ನೆ ಎಷ್ಟಿರಬೇಕು ಅಂತ ಬಿಡಿಸಿ ಬಿಡಿಸಿ. ಕೆಳಗೆ ಒಂದು ಉದಾಹರಣೆಯ ಚಿತ್ರ.

ಮಂಗಳವಾರ ಗುಂಪಿನ ಸಭೆಯಲ್ಲಿ ನನಗೆ ಹತ್ತು ನಿಮಿಷ ಸಿಕ್ಕಿತು. ಹ್ಯಾಕಥಾನ್‌ನಲ್ಲಿ ಏನಾಯಿತು ಅಂತಲೇ ಹೇಳಿದೆ, ತಪ್ಪು ಸಾಲನ್ನೂ ಪರದೆ ಮೇಲೆ ಹಾಕಿದೆ. ಕೊನೆಗೆ ಅಧ್ಯಕ್ಷರು, ಈ ಕೆಲಸವನ್ನು ಗುಂಪು ಕೈಗೆತ್ತಿಕೊಳ್ಳಬೇಕು ಅನ್ನುವವರು ಹಮ್ ಮಾಡಿ ಅಂದರು. ಆಗ ಇಲ್ಲಿ ಕೈ ಎತ್ತಿ ಲೆಕ್ಕ ಹಾಕುತ್ತಿರಲಿಲ್ಲ, ಮತ ಹಾಕುತ್ತಿರಲಿಲ್ಲ. ಬಾಯಿ ಮುಚ್ಚಿಕೊಂಡು ‘ಹೂಂ’ ಅನ್ನುತ್ತಿದ್ದರು. ಓದಿ ತಿಳಿದಿದ್ದೆ, ಆದರೂ ಆ ಶಬ್ದ ಕೇಳಿದಾಗ ಮೈ ಜುಂ ಅಂದಿತು. ಕೋಣೆ ತುಂಬಾ ಒಂದು ಗುಂಯ್ ಎನ್ನುವ ದನಿ. ಯಾರು ಅಂದರು, ಯಾರು ಅನ್ನಲಿಲ್ಲ ಗೊತ್ತಾಗುವುದಿಲ್ಲ. ನನ್ನ ಅಜ್ಜಿ ಕಥೆ ಹೇಳುವಾಗ ನಾವು ಹೂಂಗುಟ್ಟುತ್ತಾ ಇರಬೇಕಿತ್ತು, ನಿಲ್ಲಿಸಿದರೆ ಅಜ್ಜಿಯೂ ನಿಲ್ಲಿಸುತ್ತಿದ್ದಳು. ಆ ನೆನಪು ಬಂತು.

ಬೇಡ ಅನ್ನುವವರ ಹಮ್ ಕೂಡ ಕೇಳಿದರು. ಸಣ್ಣದಾಗಿ ಒಂದೆರಡು ಕಡೆ ಕೇಳಿಸಿತು. ಅಧ್ಯಕ್ಷರು ಅಲ್ಲಿಗೆ ಮುಗಿಸಲಿಲ್ಲ. ಬೇಡ ಅಂದವರು ಯಾಕೆ ಅಂತ ಮೈಕ್ ಹತ್ತಿರ ಬಂದು ಹೇಳಿ ಅಂದರು. ಇಂಟರ್ನೆಟ್ ಕಟ್ಟಿದವರಲ್ಲಿ ಇನ್ನೊಬ್ಬರಾದ ಡೇವಿಡ್ ಕ್ಲಾರ್ಕ್ 1992ರಲ್ಲಿ ಹೇಳಿದ ಮಾತು ಈ ಕೂಟದ ಮಂತ್ರದ ಹಾಗೆ ಉಳಿದಿದೆ: ನಮಗೆ ರಾಜರೂ ಬೇಡ, ರಾಷ್ಟ್ರಾಧ್ಯಕ್ಷರೂ ಬೇಡ, ಮತದಾನವೂ ಬೇಡ, ಸ್ಥೂಲ ಒಮ್ಮತ ಮತ್ತು ಓಡುವ ಕೋಡನ್ನು ನಾವು ನಂಬುತ್ತೇವೆ. ಒಮ್ಮತ ಅಂದರೆ ತಲೆ ಎಣಿಕೆ ಅಲ್ಲ. 2014ರ ಆರ್‌ಎಫ್‌ಸಿ 7282 ಇದನ್ನು ತುಂಬಾ ಚೆನ್ನಾಗಿ ಬಿಡಿಸುತ್ತದೆ. ನೂರು ಜನ ಪರವಾಗಿದ್ದು ಐದು ಜನ ವಿರುದ್ಧ ಇದ್ದರೂ, ಆ ಐವರ ತಾಂತ್ರಿಕ ತಕರಾರಿಗೆ ಉತ್ತರ ಕೊಡದೇ ಹೋದರೆ ಒಮ್ಮತ ಆಗಿಲ್ಲ. ಉತ್ತರ ಸಿಕ್ಕಿದ್ದರೆ, ಐದು ಜನ ಪರವಾಗಿದ್ದು ನೂರು ಜನ ವಿರುದ್ಧ ಇದ್ದರೂ ಒಮ್ಮತ ಆಗಿರಬಹುದು. ನಮ್ಮ ಪಂಚಾಯಿತಿ, ಸೊಸೈಟಿ ಸಭೆಗಳಲ್ಲಿ ಕೂತಾಗೆಲ್ಲ ನನಗೆ ಈ ಮಾತು ನೆನಪಾಗುತ್ತದೆ.

ಸಭೆಯ ಹೂಂ ಸಾಲದು. ಬಂದವರಷ್ಟೇ ಅಲ್ಲ, ಬರಲಾಗದವರೂ ಮಾತಾಡಬೇಕು. ಹಾಗಾಗಿ ಇಮೇಲ್ ಪಟ್ಟಿಯಲ್ಲಿ ಎರಡು ವಾರ ಮತ್ತೆ ಅದೇ ಪ್ರಶ್ನೆ. 2020ರ ಶುರುವಿನಲ್ಲಿ ಡ್ರಾಫ್ಟ್ ಗುಂಪಿನದಾಯಿತು. ಫೈಲ್ ಹೆಸರಿನಲ್ಲಿ ನನ್ನ ಮನೆತನದ ಹೆಸರಿದ್ದ ಜಾಗದಲ್ಲಿ ‘ಐಇಟಿಎಫ್’ ಬಂತು. ಇನ್ನು ಮುಂದೆ ಅದು ನನ್ನದಲ್ಲ, ಗುಂಪು ಹೇಳಿದ್ದನ್ನು ಬರೆಯುವುದು ನನ್ನ ಕೆಲಸ. ಮಗಳನ್ನು ಗಂಡನ ಮನೆಗೆ ಕಳಿಸಿದ ಹಾಗೆ ಅಂತ ಹಿರಿಯರು ಅಂದರು.

ಆಮೇಲೆ ಕೊರೋನಾ. ಮಾರ್ಚಿನಲ್ಲಿ ವ್ಯಾಂಕೂವರ್‌ನಲ್ಲಿ ಆಗಬೇಕಿದ್ದ ಸಭೆ ಆನ್‌ಲೈನ್ ಆಯಿತು, ಎರಡು ವರ್ಷ ಹಾಗೇ ನಡೆಯಿತು. ನಾನು ಕೋಲಾರಕ್ಕೆ ಹೋಗಿ ಅಲ್ಲಿಂದಲೇ ಕೆಲಸ ಮಾಡುತ್ತಿದ್ದೆ. 2021ರ ಜುಲೈ ಸಭೆ ಸ್ಯಾನ್‌ಫ್ರಾನ್ಸಿಸ್ಕೋ ಹೊತ್ತಿಗೆ ಇತ್ತು. ಅಂದರೆ ನಮಗೆ ಶುರುವಾಗುವುದೇ ಮಧ್ಯರಾತ್ರಿ ಹನ್ನೆರಡೂವರೆಗೆ. ನಡುಮನೆಯಲ್ಲಿ ಮೆಲ್ಲಗೆ ಮಾತಾಡುತ್ತಿದ್ದೆ. ಅಮ್ಮ ಎದ್ದು ಬಂದು, ‘ಇಷ್ಟೊತ್ತಲ್ಲಿ ಯಾರ ಹತ್ರನೋ ಜಗಳ?’ ಅಂದರು. ‘ಜಗಳ ಅಲ್ಲಮ್ಮ, ಒಂದು ಪದ ಹಾಕಬೇಕಾ ಬೇಡವಾ ಅಂತ ಮಾತು’ ಅಂದೆ. ನಿಜಕ್ಕೂ ಆವತ್ತು ಒಂದು ಪದದ ಮೇಲೆಯೇ ಮುಕ್ಕಾಲು ಗಂಟೆ ಹೋಯಿತು. ಇಲ್ಲಿ ‘ಮಸ್ಟ್’ ಬೇಕಾ, ‘ಶುಡ್’ ಸಾಕಾ. 1997ರ ಆರ್‌ಎಫ್‌ಸಿ 2119 ಈ ಪದಗಳಿಗೆ ಅರ್ಥ ಕಟ್ಟಿಕೊಟ್ಟಿದೆ. ‘ಮಸ್ಟ್’ ಅಂದರೆ ಬೇರೆ ದಾರಿಯೇ ಇಲ್ಲ. ‘ಶುಡ್’ ಅಂದರೆ ತಕ್ಕ ಕಾರಣ ಇದ್ದರೆ ಬಿಡಬಹುದು. ನಾನು ‘ಶುಡ್’ ಅಂತ ಬರೆದಿದ್ದೆ. ಒಬ್ಬರು ಕೇಳಿದರು: ಯಾವ ಕಾರಣಕ್ಕೆ ಬಿಡಬಹುದು, ಒಂದು ಉದಾಹರಣೆ ಕೊಡಿ. ನನ್ನ ಹತ್ತಿರ ಒಂದೂ ಇರಲಿಲ್ಲ. ಅದು ‘ಮಸ್ಟ್’ ಆಯಿತು.

ಈ ನಡುವೆ, ಇಂಥ ಸಂಖ್ಯೆಗಳ ಅಧಿಕೃತ ಪಟ್ಟಿ ಇಟ್ಟುಕೊಂಡಿರುವ ಐಯಾನಾದಿಂದ ನಮಗೆ ಸರಿಯಾದ ಸಂಖ್ಯೆಯೂ ಸಿಕ್ಕಿತು. ದಾಖಲೆ ಪೂರ್ತಿ ಆಗುವ ಮೊದಲೇ, ಕೋಡ್ ಬರೆಯುತ್ತಿರುವವರಿಗಾಗಿ ಮುಂಗಡ ಸಂಖ್ಯೆ ಕೊಡುವ ವ್ಯವಸ್ಥೆ ಇದೆ. ನಮ್ಮ ಕಂಪನಿಯ ಹಳೇ ಸಂಖ್ಯೆ ತೆಗೆದು ಹೊಸದು ಹಾಕಿದ ದಿನ ನನಗೆ ಎಷ್ಟೋ ಹಗುರ ಅನ್ನಿಸಿತು.

ಗುಂಪಿನ ಕೊನೆಯ ಕರೆ, ಅಂದರೆ ತಕರಾರಿದ್ದರೆ ಈಗಲೇ ಹೇಳಿ ಅನ್ನುವ ಅವಕಾಶ, ಮುಗಿಯಿತು. ನಮ್ಮ ಕ್ಷೇತ್ರ ನೋಡಿಕೊಳ್ಳುವ ಏರಿಯಾ ಡೈರೆಕ್ಟರ್ ಓದಿದರು. ಆಮೇಲೆ ಇಡೀ ಐಇಟಿಎಫ್‌ಗೆ ಎರಡು ವಾರದ ಕೊನೆಯ ಕರೆ. ಸುರಕ್ಷತೆ, ನಿರ್ವಹಣೆ ಹೀಗೆ ಬೇರೆ ಬೇರೆ ಕ್ಷೇತ್ರದವರು, ನಮ್ಮ ಗುಂಪನ್ನು ಎಂದೂ ನೋಡದವರು, ಆಗ ಓದುತ್ತಾರೆ. 2022ರಲ್ಲಿ ಅಲ್ಲಿಂದ ಬಂದ ಒಂದು ಪ್ರಶ್ನೆ ನನ್ನನ್ನು ಅಲ್ಲಾಡಿಸಿತು.

ಹೆಸರಿನ ಜಾಗದಲ್ಲಿ ಏನು ಬರೆಯಬಹುದು ಅಂತ ನಾನು ಹೇಳಿದ್ದೆ: ಪ್ರಿಂಟ್ ಆಗುವ ಆಸ್ಕಿ ಅಕ್ಷರಗಳು, ಅಂದರೆ ಇಂಗ್ಲಿಷ್ ಅಕ್ಷರ, ಅಂಕಿ, ಚಿಹ್ನೆಗಳು. ಹಿಂದಿನ ಆರ್‌ಎಫ್‌ಸಿ 8231ರಲ್ಲಿ ದಾರಿಯ ಹೆಸರಿಗೆ ಹಾಗೇ ಹೇಳಿತ್ತು, ಅದನ್ನೇ ಎತ್ತಿ ಹಾಕಿದ್ದೆ. ಓದಿದವರು ಕೇಳಿದ್ದು ಇಷ್ಟೇ: ‘ಆಸ್ಕಿ ಮಾತ್ರ ಯಾಕೆ? ಮನುಷ್ಯರು ಓದುವ ಹೆಸರು ಇದು ಅಂತ ನೀವೇ ಬರೆದಿದ್ದೀರಿ. ಆ ಮನುಷ್ಯರೆಲ್ಲಾ ಇಂಗ್ಲಿಷ್ ಬರೆಯುವವರಾ?’ ಜೊತೆಗೆ 1998ರ ಆರ್‌ಎಫ್‌ಸಿ 2277 ನೆನಪಿಸಿದ್ದರು. ಪ್ರೋಟೋಕಾಲ್‌ಗಳು ಎಲ್ಲಾ ಭಾಷೆಯ ಅಕ್ಷರಗಳನ್ನೂ ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಬಳಸಲು ಶಕ್ತವಾಗಿರಲೇಬೇಕು ಅನ್ನುವುದು ಅಂದಿನಿಂದಲೇ ಐಇಟಿಎಫ್ ನೀತಿ.

ಮೂರು ವರ್ಷದಿಂದ ನಾನು ಪರೀಕ್ಷೆಗೆ ಹಾಕುತ್ತಿದ್ದದ್ದು ನಮ್ಮೂರ ಹೆಸರು. ಅದನ್ನು ನಮ್ಮ ಅಕ್ಷರದಲ್ಲಿ ಒಂದು ಸಲವೂ ಹಾಕಿರಲಿಲ್ಲ. ಹಾಕಬಹುದು ಅಂತ ಹೊಳೆದೂ ಇರಲಿಲ್ಲ. ಎಲ್ಲೋ ದೂರದ, ಕನ್ನಡದ ಗಂಧವಿಲ್ಲದ ಒಬ್ಬರು ಅದನ್ನು ಕೇಳಬೇಕಾಯಿತು. ನನಗೆ ನಾಚಿಕೆ ಆಯಿತು, ಖುಷಿಯೂ ಆಯಿತು.

ಅದೇ ರಾತ್ರಿ ಕನ್ನಡದಲ್ಲಿ ‘ಕೋಲಾರ’ ಹಾಕಿ ನೋಡಿದೆ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್. ಕ, ಓತ್ವ, ಲ, ದೀರ್ಘ, ರ. ಐದು ಸಂಕೇತ, 15 ಬೈಟ್, ಒಂದು ಸೊನ್ನೆ ತುಂಬಿದರೆ 16. ಸರಿಯಾಗಿ ಹೋಯಿತು, ಸರಿಯಾಗಿ ಬಂತು. ಆಮೇಲೆ ಇನ್ನೊಂದು ತಂತ್ರಾಂಶದಿಂದ ಅದೇ ಹೆಸರು ಕಾಪಿ ಮಾಡಿ ಹಾಕಿದೆ. ಪರದೆ ಮೇಲೆ ಅಪ್ಪಟ ಅದೇ ಕೋಲಾರ. ಆದರೆ ನನ್ನ ಕೋಡ್ ಇವೆರಡೂ ಬೇರೆ ಹೆಸರು ಅಂದಿತು. ಉದ್ದ ನೋಡಿದರೆ 21!

ಕಾರಣ ಆ ‘ಕೋ’. ಎಲ್ಲಾ ಲಿಪಿಗಳ ಅಕ್ಷರಗಳಿಗೂ ಸಂಕೇತ ಕೊಡುವ ಯೂನಿಕೋಡ್‌ನಲ್ಲಿ ಓತ್ವಕ್ಕೆ ಒಂದೇ ಸಂಕೇತವೂ ಇದೆ. ಅದನ್ನೇ ಎತ್ವ, ಕೊಂಬಿನ ದೀರ್ಘ, ಕೊನೆಯ ದೀರ್ಘದ ಗುರುತು ಅಂತ ಮೂರಾಗಿ ಒಡೆದೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಬೈಟ್‌ಗಳಲ್ಲಿ ಬೇರೆ. ಒಬ್ಬ ಆಪರೇಟರ್ ಒಂದು ರೂಪದಲ್ಲಿ ಹೆಸರಿಟ್ಟು ಇನ್ನೊಬ್ಬ ಇನ್ನೊಂದು ರೂಪದಲ್ಲಿ ಹುಡುಕಿದರೆ ದಾರಿ ಸಿಗುವುದಿಲ್ಲ. ಯಾಕೆ ಸಿಗಲಿಲ್ಲ ಅಂತ ಅವರಿಗೆ ಎಂದಿಗೂ ಗೊತ್ತಾಗುವುದೂ ಇಲ್ಲ. ‘ಯುಟಿಎಫ್-8 ಬಳಸಿ’ ಅಂತ ಒಂದು ಪದ ಬದಲಿಸಿದರೆ ಸಾಕು ಅಂತ ನಾನು ಉತ್ತರ ಬರೆದಿಟ್ಟಿದ್ದೆ. ಅದನ್ನು ಅಳಿಸಿದೆ.

ಗುಂಪಿಗೆ ಮತ್ತೆ ಹೋಗಬೇಕಾಯಿತು, ಇದು ಬರೀ ಪದದ ತಿದ್ದುಪಡಿ ಅಲ್ಲವಲ್ಲ. ಒಂದು ತಿಂಗಳು ಚರ್ಚೆ ಆಯಿತು. ರೌಟರೇ ಹೆಸರನ್ನು ಸರಿಪಡಿಸಲಿ ಅಂತ ಕೆಲವರು. ಸಣ್ಣ ಡಬ್ಬಿಗೆ ಯೂನಿಕೋಡ್ ಕೋಷ್ಟಕವೆಲ್ಲಾ ತುಂಬೋಕೆ ಆಗಲ್ಲ ಅಂತ ಇನ್ನು ಕೆಲವರು. ಕೊನೆಗೆ ಹೀಗೆ ನಿಂತಿತು: ಹೆಸರು ಟೈಪ್ ಮಾಡಿದ ಜಾಗದಲ್ಲೇ ಎನ್‌ಎಫ್‌ಸಿ ಎನ್ನುವ ಕೂಡಿಸಿದ ರೂಪಕ್ಕೆ ತರಬೇಕು, ದಾರಿಯಲ್ಲಿ ಯಾರೂ ಮುಟ್ಟಬಾರದು, ಹೋಲಿಸುವಾಗ ಬೈಟಿಗೆ ಬೈಟ್ ಹೋಲಿಸಬೇಕು. ಮಿತಿ ಮೀರಿದರೆ ಹೆಸರನ್ನು ಒಂದು ಅಕ್ಷರದ ನಡುವೆ ಕತ್ತರಿಸಬಾರದು ಅನ್ನುವ ಸಾಲನ್ನು ನಾನೇ ಸೇರಿಸಿದೆ. ಮೂರು ಬೈಟಿನಲ್ಲಿ ಎರಡು ಉಳಿದರೆ ಏನಾಗುತ್ತದೆ ಅಂತ ಕನ್ನಡ ಓದುವವರೆಲ್ಲಾ ಚೌಕ ಡಬ್ಬಿಗಳಲ್ಲಿ ನೋಡಿಯೇ ಇದ್ದೇವೆ.

ಐಇಎಸ್‌ಜಿ, ಅಂದರೆ ಕೊನೆಗೆ ಒಪ್ಪಿಗೆ ಕೊಡುವ ಏರಿಯಾ ಡೈರೆಕ್ಟರ್‌ಗಳ ಮಂಡಳಿ, ಎರಡು ವಾರಕ್ಕೊಮ್ಮೆ ಗುರುವಾರ ಸೇರುತ್ತದೆ. ಅವರಲ್ಲಿ ಯಾರಾದರೂ ‘ಡಿಸ್ಕಸ್’ ಅಂತ ಹಾಕಿದರೆ ಅದು ಬಗೆಹರಿಯುವ ತನಕ ದಾಖಲೆ ನಿಲ್ಲುತ್ತದೆ. ನಮ್ಮದಕ್ಕೆ ಒಂದು ಬಿತ್ತು. ಹೆಸರಿನಲ್ಲಿ ಗ್ರಾಹಕರ ವಿವರ ಇದ್ದರೆ ದಾರಿಯಲ್ಲಿ ಕದ್ದು ಓದುವವರಿಗೆ ಸಿಗುವುದಿಲ್ಲವೇ ಅಂತ. ಆರ್‌ಎಫ್‌ಸಿ 8253ರ ಪ್ರಕಾರ ಟಿಎಲ್‌ಎಸ್ ಎನ್ನುವ ಗೂಢಲಿಪಿಯ ಹೊದಿಕೆಯೊಳಗೆ ಕಳಿಸುವ ಬಗ್ಗೆ ಒಂದು ಪ್ಯಾರಾ ಸೇರಿತು, ಡಿಸ್ಕಸ್ ಹೋಯಿತು.

ಆಮೇಲೆ ಬರೀ ಕಾಯುವುದು. ನಮ್ಮದು ಆಧರಿಸಿದ್ದ ಇನ್ನೊಂದು ದಾಖಲೆ ಮುಗಿಯದೇ ನಮ್ಮದು ಹೊರಬರುವಂತಿಲ್ಲ. ಏಳು ತಿಂಗಳು ಸರತಿಯಲ್ಲೇ ನಿಂತಿತು. ಅದು ಬಂದ ಮೇಲೆ ಆಥ್-48, ಲೇಖಕರ ಕೊನೆಯ ಓದು. ಹೆಸರಿಗೆ 48 ಗಂಟೆ, ನಮಗೆ ಮೂರು ವಾರ ಹಿಡಿಯಿತು. ಸಹಲೇಖಕರೊಬ್ಬರು ಕೆಲಸ ಬದಲಿಸಿ ಇಮೇಲ್ ಸಿಗದೇ ಹೋಗಿತ್ತು. ಆರ್‌ಎಫ್‌ಸಿ ಸಂಪಾದಕರು ಕೇಳಿದ ಇಪ್ಪತ್ತಕ್ಕೂ ಹೆಚ್ಚು ಪ್ರಶ್ನೆಗಳಲ್ಲಿ ಒಂದು ನನಗೆ ಚೆನ್ನಾಗಿ ನೆನಪಿದೆ: ಆ ಉದ್ದದ ಸಾಲಿನಲ್ಲಿ ಒಂದು ಅಲ್ಪವಿರಾಮ ಇದ್ದರೆ ಒಂದು ಅರ್ಥ, ಇಲ್ಲದಿದ್ದರೆ ಇನ್ನೊಂದು, ನಿಮ್ಮ ಉದ್ದೇಶ ಯಾವುದು? ನಾನು ಸಾಲನ್ನು ಎರಡಾಗಿ ಒಡೆದೆ. ಯಾಕೆಂದರೆ ಒಮ್ಮೆ ನಂಬರ್ ಬಿದ್ದ ಆರ್‌ಎಫ್‌ಸಿಯಲ್ಲಿ ಒಂದು ಚುಕ್ಕೆಯನ್ನೂ ಬದಲಿಸುವಂತಿಲ್ಲ. 1969ರ ಏಪ್ರಿಲ್ 7ರಂದು ಸ್ಟೀವ್ ಕ್ರಾಕರ್ ಬರೆದ ಒಂದನೇ ನಂಬರಿನದೂ ಇವತ್ತಿಗೂ ಹಾಗೇ ಇದೆ.

2023ರಲ್ಲಿ ನಮ್ಮದು ಬಂತು. ‘ಪ್ರಪೋಸ್ಡ್ ಸ್ಟ್ಯಾಂಡರ್ಡ್’ ಅನ್ನುವ ಮೊದಲ ಮೆಟ್ಟಿಲಿನ ದರ್ಜೆ. ಅದನ್ನು ಬಳಸಿ ಅಂತ ಯಾರಿಗೂ ಯಾರೂ ಆಜ್ಞೆ ಮಾಡುವುದಿಲ್ಲ. ಐಇಟಿಎಫ್‌ಗೆ ಪೊಲೀಸರಿಲ್ಲ. ಇಂಟರ್ನೆಟ್ ವಿಳಾಸಗಳ ಹೊಸ ಪದ್ಧತಿ ಐಪಿವಿ6ನಂತಹ ದೊಡ್ಡ ಕೆಲಸವೇ 1995ರಲ್ಲಿ ಆರ್‌ಎಫ್‌ಸಿ 1883 ಆಗಿ ಬಂದು, 8200 ಆಗಿ ಪೂರ್ಣ ಸ್ಟ್ಯಾಂಡರ್ಡ್ ಅನ್ನಿಸಿಕೊಳ್ಳಲು 2017ರ ತನಕ ಕಾಯಿತು. ನಮ್ಮದು ಪುಟ್ಟದು. ಯಾರಿಗಾದರೂ ಉಪಯೋಗ ಅನ್ನಿಸಿದರೆ ಬರೆಯುತ್ತಾರೆ, ಇಲ್ಲದಿದ್ದರೆ ಇಲ್ಲ.

ಕಳೆದ ವರ್ಷ ಒಂದು ಮಧ್ಯಾಹ್ನ, ನಮ್ಮ ಲ್ಯಾಬಿಗೆ ಮೂರನೇ ಕಂಪನಿಯೊಂದರ ರೌಟರ್ ಪರೀಕ್ಷೆಗೆ ಬಂತು. ಅದಕ್ಕೆ ಕೋಡ್ ಬರೆದವರು ಯಾರೋ ನನಗೆ ಗೊತ್ತಿಲ್ಲ, ನನಗೆ ಅವರು ಎಂದೂ ಒಂದು ಪ್ರಶ್ನೆ ಕೇಳಿರಲಿಲ್ಲ. ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಕೇಬಲ್ ಹಾಕಿ, ದಾರಿಗೆ ಕನ್ನಡದಲ್ಲೇ ಹೆಸರು ಟೈಪ್ ಮಾಡಿದಳು. ನಾನು ಅವಳ ಹಿಂದೆ ನಿಂತು ವೈರ್‌ಶಾರ್ಕ್ ನೋಡುತ್ತಿದ್ದೆ. ಉದ್ದದ ಜಾಗದಲ್ಲಿ 15. ಆಮೇಲೆ 15 ಬೈಟ್ ಕೋಲಾರ. ಕೊನೆಗೆ ಒಂದೇ ಒಂದು ಸೊನ್ನೆ.